ಪೀಪಾಯಿಯಲ್ಲಿ ಏನಿದೆಯೆಂದು ಅವನು ಹೇಳಿದನೆ?

ತೇಲುಕೇರಿ, ಹೊಳೆಬಾಯಿ
ಕ್ರಿ.ಶ. ೨೧೯೪, ಎರಡನೇ ಮಳೆಗಾಲ ಮುಗಿದ ಮೇಲಿನ ಮೊದಲ ಬುಧವಾರ

ಕೇರಿಯ ಯಜಮಾನರು, ಬುಧವಂತರಾದ ಗಣಪು ಅಂಬಿಗರಿಗೆ ಮಾಸ್ತಮ್ಮನ ನಮಸ್ಕಾರ.

ಈ ಕಾಗದ ಬರೆಯುವ ಮನಸ್ಸು ನನಗೆ ಒಂಚೂರೂ ಇರಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಚಿಪ್ಪು ಆರಿಸಲು ಹೋದವಳು ನಾನು. ಮೊಮ್ಮಗಳು ಶರಾವತಿ ವಕೀಲಳು, ಅವಳೇ ಬರೆಯಬಹುದಿತ್ತು. ಆದರೆ ಹಿಂದಂಚೆಯವರು, ಅಂದರೆ ಕಾಗದವನ್ನು ಹಿಂದಿನ ಕಾಲಕ್ಕೆ ಮುಟ್ಟಿಸುವವರು, ಮನೆಯ ಹಿರಿಯರ ಕೈಬರಹವೇ ಬೇಕೆಂದು ಹಟ ಹಿಡಿದಿದ್ದಾರೆ. ಮಾತು ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ. ನೀವು ನನ್ನ ಅಜ್ಜನ ಮುತ್ತಜ್ಜ. ಈಗ ವಯಸ್ಸಿನಲ್ಲಿ ನನಗಿಂತ ಚಿಕ್ಕವರಾಗಿದ್ದರೂ ನನಗೆ ದೊಡ್ಡವರೇ.

ನಮ್ಮ ಕೇರಿ ಈಗ ನೀರಿನ ಮೇಲಿದೆ. ಸಮುದ್ರ ಏರಿದಾಗ ಉಳಿದವರು ಗುಡ್ಡ ಹತ್ತಿದರು. ನಾವು ಹೋಗಲಿಲ್ಲ. ಮನೆಗಳನ್ನೇ ತೆಪ್ಪಗಳ ಮೇಲೆ ಕಟ್ಟಿಕೊಂಡೆವು. ಭರತಕ್ಕೆ ಅಡುಗೆಮನೆ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ, ಒಲೆಯ ಮೇಲಿನ ಸಾರು ತುಳುಕುವುದಿಲ್ಲ. ಮೆಣಸಿನ ಗಿಡಗಳು ಮಾಡಿನ ಮೇಲೆ ಬೆಳೆಯುತ್ತವೆ. ಕೋರ್ಟೂ ನಮ್ಮ ಬಾಗಿಲಿಗೇ ಬರುತ್ತದೆ, ದೋಣಿಕೋರ್ಟು ಅನ್ನುತ್ತೇವೆ. ನ್ಯಾಯಾಧೀಶರು ಕಂಬಕ್ಕೆ ಹಗ್ಗ ಬಿಗಿಸಿ ಅಲ್ಲೇ ವಿಚಾರಣೆ ನಡೆಸುತ್ತಾರೆ. ಅದನ್ನು ಕಾದಾಡಿ ತಂದವರು ನಮ್ಮ ಕೇರಿಯ ಹೆಂಗಸರು.

ಕಳೆದ ಬೇಸಿಗೆಯಲ್ಲಿ ಇಳಿತದ ಹೊತ್ತಿಗೆ ಕೆಸರು ತೋಡುವಾಗ ಪೀಪಾಯಿಗಳು ಸಿಕ್ಕವು. ತುಕ್ಕು ಹಿಡಿದು ಸೋರಿದ್ದವು. ಮುಟ್ಟಿದವರ ಕೈ ಸುಟ್ಟಿತು. ಚಿಪ್ಪುಗಳು ಬಾಯಿಬಿಟ್ಟು ಸತ್ತವು. ಮಾರಿ ಹೊಟ್ಟೆ ಹೊರೆಯುವ ಚಿಪ್ಪು ಹೋದರೆ ಈ ಕೇರಿಯೇ ಹೋಯಿತು. ಹಳೆಯ ದಂಡೆಯಲ್ಲಿ ಅವನ್ನು ಹೂಳಿದ್ದು ನಿಮ್ಮ ಕಾಲದ ಬಣ್ಣದ ಕಂಪನಿ. ಹೆಸರು ಬದಲಿಸಿಕೊಂಡು ಈಗಲೂ ಬದುಕಿದೆ. ಶರಾವತಿ ಅದರ ಮೇಲೆ ಕ್ರಿಮಿನಲ್ ದೂರು ಹಾಕಿದಳು.

ಇಂಥ ಅಪರಾಧಕ್ಕೆ ದೂರು ಕೊಡಲು ಮೂರು ವರ್ಷದ ಗಡುವು. ಆ ಕಾನೂನು ನಿಮ್ಮ ಕಾಲದ್ದೇ. ಗಡುವು ಮೀರಿದರೂ ಕೋರ್ಟು ಒಪ್ಪಬಹುದು: ತಡಕ್ಕೆ ಸರಿಯಾದ ಕಾರಣ ಹೇಳಬೇಕು, ಇಲ್ಲವೇ ನ್ಯಾಯಕ್ಕಾಗಿ ಒಪ್ಪಲೇಬೇಕೆಂದು ನ್ಯಾಯಾಧೀಶರಿಗೆ ಅನಿಸಬೇಕು. ಅಪರಾಧ ನಡೆದದ್ದೇ ಗೊತ್ತಿರದಿದ್ದರೆ ಗೊತ್ತಾದ ದಿನದಿಂದ ಎಣಿಕೆ.

ವಿಚಾರಣೆಯ ದಿನ ಕಂಪನಿಯ ವಕೀಲ ನನ್ನ ಮುಖ ನೋಡಿ, "ಅಜ್ಜೀ, ನಿಮ್ಮ ಹಿರಿಯರು ಇಷ್ಟು ಕಾಲ ನಿದ್ದೆ ಮಾಡ್ತಿದ್ರಾ?" ಎಂದ. ನನಗೆ ಪಿತ್ತ ನೆತ್ತಿಗೇರಿತು.

"ನಿದ್ದೆ ಮಾಡಿದ್ದು ನಿನ್ನ ಮುತ್ತಜ್ಜ! ನಮ್ಮ ಬುಧವಂತರು ನಿನ್ನ ಕಂಪನಿಯವನನ್ನ ಕೇರಿಯ ಕೂಟಕ್ಕೆ ಕರೆಸಿ, ಕೈಗೆ ತೆಂಗಿನಕಾಯಿ ಕೊಟ್ಟು ತಪ್ಪೊಪ್ಪಿಸಿದ್ರು. ಗೊತ್ತುಂಟಾ?"

ಕೇರಿಯೆಲ್ಲ ಕೇಕೆ ಹಾಕಿತು. ಶರಾವತಿ ಮಾತ್ರ ತಲೆ ಹಿಡಿದುಕೊಂಡಳು. "ಅಜ್ಜೀ, ಎಂತ ಮಾಡ್ದೆ! ಹಂಗಾರೆ ಅವರಿಗೆ ಆಗಲೇ ಗೊತ್ತಿತ್ತು ಅಂತಾಯ್ತಲ್ಲ!"

ವಕೀಲನೂ ಅದನ್ನೇ ಹಿಡಿದುಕೊಂಡ. ಗೊತ್ತಿದ್ದೂ ರಾಜಿಯಾದರು, ತಡಕ್ಕೆ ಕಾರಣವೇ ಇಲ್ಲ ಎಂದ.

ಹೇಳಿದ್ದಕ್ಕೆ ನನಗೆ ನಾಚಿಕೆಯಿಲ್ಲ. ನಿಮ್ಮ ಆ ಕೂಟದ ಕಥೆ ಕೇಳಿಕೊಂಡೇ ನಮ್ಮ ಮನೆಯ ಮಕ್ಕಳು ದೊಡ್ಡವರಾಗಿದ್ದಾರೆ. ಠಾಣೆಗೆ ಹೋಗದೆ, ಕೇರಿಯವರೇ ಕೂತು ನ್ಯಾಯ ತೀರಿಸುವ ಕೂಟಕ್ಕೆ ಹೇಳುವುದು ನಮ್ಮ ಪದ್ಧತಿ. ಕೇರಿಯ ಮುಖ್ಯಸ್ಥರಾದ ಬುಧವಂತರಿಗೆ ಹೇಳಿದರೆ ಸರ್ಕಾರಕ್ಕೇ ದೂರು ಕೊಟ್ಟಂತೆ ಎಂದು ನಂಬಿದ ಜನ ನಾವು. ನ್ಯಾಯಾಧೀಶರ ಎದುರು ನಿಂತು ಇದನ್ನೂ ಹೇಳಿದೆ. ಅವರು ನಗಲಿಲ್ಲ, ಬರೆದುಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ಕಾಯಿ ಹಿಡಿದ ದಿನ, ಪೀಪಾಯಿಯೊಳಗೆ ಏನಿದೆಯೆಂದು ಅವನು ಹೇಳಿದನೆ? ಅಥವಾ ಕೇಳದೆ ದಂಡೆ ಅಗೆದದ್ದಕ್ಕಷ್ಟೇ ತಪ್ಪೊಪ್ಪಿದನೆ? ಇದಕ್ಕೆ ಬುಧವಂತರ ಮಾತೇ ಬೇಕು ಎಂದರು.

ನೀವು ಈಗಲೇ ದೂರು ಕೊಡಿ ಎಂದು ಹೇಳಿಬಿಡುತ್ತಿದ್ದೆ. ಹಿಂದಂಚೆಯವರು ಬಿಡುವುದಿಲ್ಲ. ಹಿಂದಿನವರನ್ನು ಕೇಳಬಹುದಂತೆ, ಅವರಿಂದ ಏನನ್ನೂ ಮಾಡಿಸುವಂತಿಲ್ಲವಂತೆ.

ಅವನು ಮುಚ್ಚಿಟ್ಟಿದ್ದರೆ ನಿಮಗೆ ಗೊತ್ತಿರಲಿಲ್ಲ ಎಂದಾಯಿತು. ನಮ್ಮ ಎಣಿಕೆ ಕಳೆದ ಬೇಸಿಗೆಯಿಂದ, ದೂರು ನಿಲ್ಲುತ್ತದೆ. ವಿಷವೆಂದು ಹೇಳಿದ್ದರೆ ಹಾಗೆಂದೇ ಬರೆಯಿರಿ. ಸುಳ್ಳು ಹೇಳಿ ಗೆಲ್ಲುವ ಕೇರಿ ನಮ್ಮದಲ್ಲ. ಆಗ ಕೂಟವನ್ನೇ ಕೋರ್ಟೆಂದು ನಂಬಿದ್ದೇ ತಡಕ್ಕೆ ಕಾರಣವೆಂದು ಶರಾವತಿ ವಾದಿಸುತ್ತಾಳೆ. ಅವಳು ಎದ್ದು ನಿಂತರೆ ಆ ವಕೀಲ ಈಗಲೂ ನೀರು ಕುಡಿಯುತ್ತಾನೆ.

ನೇರವಾಗಿ ಬರೆಯಿರಿ, ಸುತ್ತಿ ಬಳಸಿ ಬೇಡ. ಹಿಂದಂಚೆಯವನು ನೀವು ದೋಣಿ ಕಟ್ಟುವ ದಕ್ಕೆಗೆ ಬಂದು ಕಾಗದ ಒಯ್ಯುತ್ತಾನೆ, ಎರಡನೇ ಸಲ ಬರುವುದಿಲ್ಲ. ಅವನು ಬರುವುದು ನಿಮ್ಮ ಲೆಕ್ಕದ ಫೆಬ್ರವರಿ ಹನ್ನೆರಡಕ್ಕೆ, ಅಷ್ಟರೊಳಗೆ ನನಗೆ ಉತ್ತರ ಬೇಕು.