ಅಪ್ಪ ತೊಟ್ಟಿಗೆ ಬಿದ್ದ ಭಾನುವಾರ

ಮನೆಯಿಂದ,
ಸೋಮವಾರ, ಮಾರ್ಚ್ ೧೧

ಪ್ರೀತಿಯ ಪುಟ್ಟೀ,

ಕೆಮ್ಮು ಹೇಗಿದೆ? ಆಸ್ಪತ್ರೆಯಲ್ಲೇ ಕೆಲಸ ಮಾಡುವವಳಿಗೆ ಔಷಧಿ ಕುಡಿಯೆಂದು ನಾನು ಹೇಳಬೇಕೇ? ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದಕ್ಕೆ ಈ ಮನೆ ಬಿಟ್ಟು ಹೋಗುವ ಮನಸ್ಸಿಲ್ಲ. ನಿನ್ನ ಅಪ್ಪನ ಮೈಗೆ ಏನೂ ಆಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಗಾಬರಿಯಾಗಬೇಡ. ಗಾಬರಿಯಾಗುವುದಕ್ಕೆ ನಾನೊಬ್ಬಳಿದ್ದೇನೆ.

ನಿನ್ನೆ ಚರ್ಚಿನಲ್ಲಿ ಬೇಕರಿಯವನ ಹೆಂಡತಿಗೆ ದೀಕ್ಷಾಸ್ನಾನ ಆಗಬೇಕಿತ್ತು. ಪ್ರಸಂಗಪೀಠದ ಕೆಳಗಿನ ತೊಟ್ಟಿಗೆ ಶನಿವಾರವೇ ನೀರು ತುಂಬಿಸಿ, ಎಂದಿನಂತೆ ಮೇಲೆ ಹಲಗೆ ಮುಚ್ಚಿದ್ದರು. ಆ ಹಲಗೆ ನಿನ್ನ ಅಪ್ಪನೇ ಮಾಡಿದ್ದು, ನೀನಿನ್ನೂ ತೊಟ್ಟಿಲಲ್ಲಿದ್ದಾಗ. ಊರಿನವರ ಬಾಗಿಲು ಕಿರ್ ಎಂದರೆ ಉಳಿ ಸುತ್ತಿಗೆ ಹಿಡಿದು ಓಡುವ ಬಡಗಿಗೆ, ವಾರವಾರ ತಾನೇ ನಿಂತು ಪ್ರಸಂಗ ಮಾಡುವ ಹಲಗೆ ಕೊಳೆತು ಲಡ್ಡಾದದ್ದು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಳ್ಳಲ್ಲ. "ಎಚ್ಚರವಾಗಿರಿ!" ಎಂದು ಕೈಯೆತ್ತಿ ಕಾಲು ಕುಟ್ಟಿದರು ನೋಡು, ಲಟಕ್ಕೆಂದಿತು. ಸಭೆಯ ಪಾಲಕರು, ನಿನ್ನ ಅಪ್ಪ, ಮಾಯ! ಪ್ರಸಂಗದ ಹಾಳೆ ಮಾತ್ರ ತೇಲುತ್ತಿತ್ತು.

ಎದ್ದು ಎದೆಮಟ್ಟ ನೀರಿನಲ್ಲಿ ನಿಂತರು. ಸಭೆಯ ಹಿರಿಯ, ನಮ್ಮ ಕಮ್ಮಾರಜ್ಜ, ಬಿದ್ದು ಬಿದ್ದು ನಗುತ್ತಿದ್ದ. ನಿಜ ಹೇಳಲಾ, ನಾನೂ ಬಾಯಿಗೆ ಕೈ ಒತ್ತಿಕೊಂಡಿದ್ದೆ. ಅವರು ಮಾತ್ರ ಮೇಲೆ ಬರಲಿಲ್ಲ. ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ, "ನಾನು ಈ ನೀರಲ್ಲಿ ಮುಳುಗಿದ್ದು ಇದೇ ಮೊದಲು. ನಂಗೆ ದೀಕ್ಷಾಸ್ನಾನ ಆಗೇ ಇಲ್ಲ" ಅಂದರು.

ಪುಟ್ಟೀ, ನನಗೆ ಸಿಡಿಲು ಬಡಿದಂತಾಯಿತು. ಬ್ಯಾಪ್ಟಿಸ್ಟ್ ಸಭೆಯ ಪಾಲಕ, ಮುಳುಗದವನು! ನಂಬಿದವನು ಪೂರ್ತಿ ಮುಳುಗಿ ಏಳಬೇಕೆಂದು ನನ್ನನ್ನು, ಈ ಊರನ್ನು ಮುಳುಗಿಸಿ ಎಬ್ಬಿಸಿದ ಮನುಷ್ಯ! ಅವರು ಮುಳುಗುವ ಸರದಿ ಬರಬೇಕಿದ್ದ ವಾರವೇ ಹಳೆಯ ಪಾಲಕರು ತೀರಿಕೊಂಡರಂತೆ. ಶವಪೆಟ್ಟಿಗೆ ಮಾಡಿದವರು ಇವರೇ, ಸಮಾಧಿಯ ಮುಂದೆ ಪ್ರಾರ್ಥಿಸಿದವರೂ ಇವರೇ. ಮುಂದಿನ ಭಾನುವಾರ ವಾಕ್ಯ ಓದಲು ಯಾರೂ ಇರಲಿಲ್ಲ, ಓದಿದರು. ಹಾಗೆಯೇ ಪಾಲಕರಾಗಿಬಿಟ್ಟರು. ಸ್ನಾನ ಆಗಿರಬೇಕೆಂದು ಎಲ್ಲರೂ ಅಂದುಕೊಂಡರು, ಯಾರೂ ಕೇಳಲಿಲ್ಲ. ಒಂದೇ ಸೂರಿನಡಿ ಇರುವ ನನಗೂ ಹೇಳಲಿಲ್ಲವಲ್ಲ! ಸಿಟ್ಟು ಬಂದಿದೆ, ಅಯ್ಯೋ ಪಾಪ ಎಂದೂ ಅನ್ನಿಸುತ್ತದೆ. ಏನು ಮಾಡಬೇಕೆಂದು ತೋಚದೆ ಅವರ ಒದ್ದೆ ಬಟ್ಟೆ ಹಿಂಡುತ್ತಾ ಕೂತೆ.

ಈಗ ಬಿದ್ದದ್ದನ್ನೇ ಸ್ನಾನವೆಂದುಕೊಳ್ಳೋಣ ಎಂದ ಬೇಕರಿಯವನು. ಅಷ್ಟರಲ್ಲಿ ಕಮ್ಮಾರಜ್ಜನ ನಗು ಇಂಗಿಹೋಗಿತ್ತು. "ಬೀಳೋದು ಬೇರೆ, ಮುಳುಗೋದು ಬೇರೆ ಕಣಪ್ಪಾ. ಹಿಡ್ಕೊಳ್ಳೋಕೆ ಇನ್ನೊಬ್ರ ಕೈ ಬೇಕು" ಅಂದ. ನಿನ್ನ ಅಪ್ಪನೂ ಒಪ್ಪಿದರು. ಮುಳುಗುವವರೆಗೆ ಪೀಠ ಹತ್ತುವುದಿಲ್ಲವೆಂದು ಬೀಗದ ಕೈ ಕೊಟ್ಟು ಬಂದಿದ್ದಾರೆ. ಬೆಳಗಿನಿಂದ ಶೆಡ್ಡಿನಲ್ಲಿ ಹೊಸ ಹಲಗೆ ಉಜ್ಜುತ್ತಿದ್ದಾರೆ. ಊಟಕ್ಕೆ ಕರೆದರೆ ಹೂಂ ಎನ್ನುತ್ತಾರೆ, ಬರುವುದಿಲ್ಲ.

ದೇವರು ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ

ವಿ.ಸೂ.: ಲಕೋಟೆ ಅಂಟಿಸುವಾಗ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಹಳೆಯ ಪಾಲಕರು ಮುಳುಗಿಸಿದವರು ಈಗ ಯಾರೂ ಉಳಿದಿಲ್ಲ, ಇಲ್ಲಿರುವವರೆಲ್ಲ ಮುಳುಗಿದ್ದು ನಿನ್ನ ಅಪ್ಪನ ಕೈಯಲ್ಲೇ. ಅವರದೇ ಸರಿಯಿಲ್ಲದಿದ್ದರೆ ನಮ್ಮದು ಹೇಗೆ ಸರಿಯೆಂದು ಹಿರಿಯರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಬೇರೆ ಪಾಲಕರ ಕೈಯಲ್ಲಿ ಮುಳುಗಿದವಳು ನಮ್ಮೂರಿಗೆ ನೀನೊಬ್ಬಳೇ. ನಿನ್ನ ನಂಬಿಕೆ ಇನ್ನೂ ಹಸಿ ಎಂದು ಅಪ್ಪ ಮತ್ತೆ ಮತ್ತೆ ವಾಪಸು ಕಳಿಸಿದ್ದಕ್ಕಲ್ಲವೇ ನೀನು ಅಲ್ಲಿಯ ಸಭೆಗೆ ಹೋಗಿ ಮುಳುಗಿದ್ದು, ಅವರು ನಿನ್ನೊಡನೆ ಮಾತು ಬಿಟ್ಟದ್ದು? ಈಗ ನೆಲ ನೋಡಿಕೊಂಡು, "ಅವಳು ಬರ್ತಾಳಾ ಕೇಳು" ಅಂದರು. ಬಾರೇ. ಅಪ್ಪ ಭಾರ ಇದ್ದಾರೆ. ಮುಳುಗಿಸುವುದು ಸುಲಭ, ಎತ್ತುವಾಗ ಕೈ ಬಿಡಬೇಡ.