ಮೇಷ್ಟ್ರ ಮೇಜಿನ ಮೇಲಿನ ಅರ್ಜಿ

ಗುರೊ, ಸಿಯೋಲ್
ಭಾನುವಾರ, 8 ಸೆಪ್ಟೆಂಬರ್ 1985

ತಮ್ಮ ಸೊಕ್‌ಜು,

ಅಪ್ಪ ಅಮ್ಮ ಆರೋಗ್ಯವಾಗಿದ್ದಾರೆ ಎಂದುಕೊಂಡು ಬರೆಯುತ್ತಿದ್ದೇನೆ. ನಾನೂ ಚೆನ್ನಾಗಿದ್ದೇನೆ, ಅಂದರೆ ಎದ್ದು ಕೆಲಸಕ್ಕೆ ಹೋಗುವಷ್ಟು ಚೆನ್ನಾಗಿದ್ದೇನೆ. ನಿನ್ನ ಎರಡು ಪತ್ರಗಳೂ ತಲುಪಿದವು. ಜುಲೈನಲ್ಲಿ ಬಂದ ಪತ್ರಕ್ಕೆ ಸೆಪ್ಟೆಂಬರಿನಲ್ಲಿ ಉತ್ತರ ಕೊಡುವವಳನ್ನು ಅಕ್ಕ ಅನ್ನಬೇಕೋ ಸರ್ಕಾರಿ ಕಚೇರಿ ಅನ್ನಬೇಕೋ ನೀನೇ ಹೇಳು. ನಮ್ಮ ಫ್ಯಾಕ್ಟರಿಗೆ ಕೆನಡಾಕ್ಕೆ ಹೋಗುವ ಚಳಿಗಾಲದ ಕೋಟುಗಳ ಆರ್ಡರ್ ಬಂದಿತ್ತು. ಆಗಸ್ಟಿನ ಸೆಕೆಯಲ್ಲಿ ಬಾತುಕೋಳಿಯ ಪುಕ್ಕ ತುಂಬಿದ ಕೋಟುಗಳನ್ನು ತೊಡೆಯ ಮೇಲೆ ಹೊದ್ದುಕೊಂಡು ಹೊಲಿದೆವು. ಒಬ್ಬಳು ಸೀನಿದರೆ ಇಡೀ ಸಾಲು ಸೀನುತ್ತಿತ್ತು. ಮೇಸ್ತ್ರಿ ಬಂದು, "ಏನ್ರೇ, ಕೋಳಿ ಫಾರಮ್ಮಾ ಇದು?" ಎಂದ. ಬಾತುಕೋಳಿ ಫಾರಮ್ಮು ಎಂದು ಯಾರೋ ತಿದ್ದಿದರು. ಆ ಇಡೀ ತಿಂಗಳಲ್ಲಿ ನಾವು ನಕ್ಕಿದ್ದು ಅದೊಂದೇ ಸಲ ಇರಬೇಕು.

ನಿನ್ನ ಪತ್ರದ ವಿಷಯಕ್ಕೆ ಬರುತ್ತೇನೆ. ಸೈನಿಕ ಅಕಾಡೆಮಿಯ ಅರ್ಜಿ ತುಂಬಿ ತಾಕ್ ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದೀಯ. ಇಪ್ಪತ್ತನೇ ತಾರೀಖು ಶಾಲೆಯಿಂದ ಅದು ಹೊರಡುತ್ತದೆ. ಬೇಡ ಅನ್ನುವುದಾದರೆ ಅಷ್ಟರೊಳಗೆ ವಾಪಸ್ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಚಳಿಗಾಲದ ಪರೀಕ್ಷೆ ಬರೆದು ಚುಂಚೊನ್‌ನ ವಿಶ್ವವಿದ್ಯಾಲಯ ಸೇರುವುದು, ಮೂರನೇ ವರ್ಷದಿಂದ ಅಲ್ಲಿಯೇ ಕಾಲೇಜು ಕೆಡೆಟ್ ಆಗಿ ಸೈನ್ಯಾಧಿಕಾರಿಯ ತರಬೇತಿ ಪಡೆಯುವುದು. ಎರಡರಲ್ಲಿ ಯಾವುದು ಎಂದು ಕೇಳಿದ್ದೀಯ. ಮನೆಯಲ್ಲಿ ಯಾರು ಏನಂದರು ಎಂದು ನೀನು ಬರೆದದ್ದನ್ನು ಎಷ್ಟೋ ಸಲ ಓದಿದೆ. ಅಮ್ಮನದು ಸರಿಯಾಗಿದೆ: "ಎಲ್ಲಿಗಾದ್ರೂ ಹೋಗ್ಲಿ, ಹೊಟ್ಟೆ ತುಂಬ ಹಾಕ್ತಾರಾ ಕೇಳು." ತಾಕ್ ಮೇಷ್ಟ್ರದು ಅವರ ಹಾಗೆಯೇ ಇದೆ: "ಚುಂಚೊನ್‌ಗೆ ಹೋದ್ರೆ ಅರ್ಧ ವಿದ್ಯಾರ್ಥಿ, ಅರ್ಧ ಸಿಪಾಯಿ ಆಗ್ತೀಯ ಕಣೋ. ಬಾವಲಿ ಥರ. ಹಕ್ಕೀನೂ ಸೇರಿಸ್ಕೊಳಲ್ಲ, ಇಲೀನೂ ಸೇರಿಸ್ಕೊಳಲ್ಲ." ಅವರಿಗೆ ಬೇಕಾಗಿರುವುದು ಶಾಲೆಯ ಗೇಟಿಗೆ ಕಟ್ಟಲು ಒಂದು ಬ್ಯಾನರ್. ಅದರ ಮೇಲೆ ನಿನ್ನ ಹೆಸರಿನಷ್ಟೇ ದಪ್ಪಗೆ ಶಾಲೆಯ ಹೆಸರೂ ಇರುತ್ತದೆ.

ಇನ್ನು ಅಪ್ಪನ ಮಾತು. ಯುದ್ಧದ ವರ್ಷಗಳಲ್ಲಿ ಹದಿನೆಂಟರ ಹುಡುಗನಾಗಿ ಮರದ ಹೊರೆಚೌಕಟ್ಟು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದವನು ಅವನು. "ನಾನು ಹೊತ್ತ ಗುಂಡು ಹಾರಿಸ್ದೋರಿಗೆಲ್ಲ ಸೈನ್ಯದ ನಂಬರ್ ಇತ್ತು, ಪೆನ್ಷನ್ ಬಂತು. ಹೊತ್ತೋನಿಗೆ ಏನೂ ಇಲ್ಲ. ಹೋಗೋ, ನಂಗೆ ಬರಬೇಕಾಗಿದ್ದ ಸೆಲ್ಯೂಟ್ ನೀನು ಇಸ್ಕೊಂಡು ಬಾ." ಇದನ್ನು ಹೇಳುವಾಗ ಅವನು ನಿನ್ನ ಮುಖ ನೋಡಲಿಲ್ಲ, ಕಾಲುಚೀಲ ಮಡಚುತ್ತಿದ್ದ ಎಂದು ಬರೆದಿದ್ದೀಯ. ಅವನಿಗೆ ಐವತ್ತಮೂರು ವರ್ಷವಾಯಿತು, ಇವತ್ತಿಗೂ ಗೂಡ್ಸ್ ಷೆಡ್ಡಿನಲ್ಲಿ ಸಿಮೆಂಟು ಮೂಟೆ ಹೊರುತ್ತಿದ್ದಾನೆ. ಈ ದೇಶದಲ್ಲಿ ಕೆಲವರ ಬೆನ್ನು ಸಾರ್ವಜನಿಕ ರಸ್ತೆ ಇದ್ದ ಹಾಗೆ ಎಂದು ಒಂದು ಕರಪತ್ರದಲ್ಲಿ ಬರೆದಿದ್ದೆ. ಅಪ್ಪನನ್ನು ನೆನೆದೇ ಬರೆದದ್ದು. ಅವನಿಗೆ ತೋರಿಸುವ ಧೈರ್ಯ ಬರಲಿಲ್ಲ.

ಹೊಸವರ್ಷದ ಹಬ್ಬಕ್ಕೆ ಬಂದಾಗ ನಾವಿಬ್ಬರೂ ಜಗಳವಾಡಿದ್ದು ನೆನಪಿದೆಯಲ್ಲ. ಸಮವಸ್ತ್ರ ಹಾಕಿದವರೆಲ್ಲ ಒಂದೇ ಎಂದು ನಾನು ಕೂಗಿದೆ. "ಹಂಗಾದ್ರೆ ನೀವು ಫ್ಯಾಕ್ಟರಿಲಿ ಹಾಕೋ ನೀಲಿ ಕೋಟು?" ಎಂದು ನೀನು ಕೇಳಿದೆ. ಆಮೇಲೆ, "ಅಕ್ಕ, ನೀನು ಜನ ಜನ ಅಂತೀಯ. ಸೈನ್ಯದಲ್ಲಿರೋರು ಜನ ಅಲ್ವಾ? ಒಳ್ಳೇರು ಯಾರೂ ಹೋಗ್ದಿದ್ರೆ ಅಲ್ಲಿ ಉಳಿಯೋರು ಯಾರು?" ಎಂದೆ. ನಾನು ನಾಲ್ಕು ಪುಸ್ತಿಕೆಗಳ ವಾಕ್ಯ ಹೇಳಿ ನಿನ್ನ ಬಾಯಿ ಮುಚ್ಚಿಸಿದೆ. ವಾಪಸ್ ಬರುವಾಗ ರೈಲಿನಲ್ಲಿ ಹುಡುಕಿ ನೋಡಿದರೆ, ನಿನ್ನ ಪ್ರಶ್ನೆಗೆ ಆ ನಾಲ್ಕರಲ್ಲಿ ಒಂದರಲ್ಲೂ ಉತ್ತರವಿರಲಿಲ್ಲ.

ಈಗ ನನ್ನ ಮಾತು ಇಷ್ಟು. ಸೈನ್ಯ ಸೇರಬೇಡ ಅನ್ನುವುದಿಲ್ಲ. ಸೇರು. ಆದರೆ ಗೋಡೆಯ ಒಳಗಿನಿಂದ ಬೇಡ, ಹೊರಗಿನಿಂದ ಬಾ. ಒಬ್ಬ ಹುಡುಗ ಹದಿನೆಂಟಕ್ಕೆ ಅಕಾಡೆಮಿಯ ಒಳಗೆ ಹೋಗಿ, ನಾಲ್ಕು ವರ್ಷ ಆಜ್ಞೆ ಮಾಡುವವರನ್ನೂ ಪಾಲಿಸುವವರನ್ನೂ ಬಿಟ್ಟು ಮೂರನೆಯ ಥರದ ಮನುಷ್ಯನನ್ನು ನೋಡದೆ ಇದ್ದರೆ, ಹೊರಗೆ ಬಂದಾಗ ಅವನಿಗೆ ಬೀದಿಯಲ್ಲಿ ನಡೆಯುವವರೆಲ್ಲ ಸಾಲು ತಪ್ಪಿದವರ ಹಾಗೆ ಕಾಣುತ್ತಾರೆ. ಅಲ್ಲಿ ಕುಡಿಯುವ ಹಾಗಿಲ್ಲ, ಸಿಗರೇಟು ಸೇದುವ ಹಾಗಿಲ್ಲ, ಮದುವೆಯಾಗುವ ಹಾಗಿಲ್ಲ ಎಂದು ನೀನು ಹೆಮ್ಮೆಯಿಂದ ಬರೆದಿದ್ದೀಯ. ಮೂರೂ ಒಳ್ಳೆಯದೇ ಇರಬಹುದು. ಅಲ್ಲಿ ಸೋತವನ ಜೊತೆ ಕೂರುವ ಹಾಗೂ ಇಲ್ಲ, ಅದನ್ನು ನಿಯಮದ ಪುಸ್ತಕದಲ್ಲಿ ಬರೆದಿರುವುದಿಲ್ಲ ಅಷ್ಟೆ.

ಕಾಲೇಜು ಕೆಡೆಟ್‌ಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಓದುವ ಗುಂಪಿಗೆ ಪುಸ್ತಿಕೆ ತರಲು ಇಲ್ಲಿನ ಒಂದು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದೆ. ಕತ್ತರಿಸಿದ ಕೂದಲು, ಇಸ್ತ್ರಿ ಗೆರೆ, ಕೈಯಲ್ಲಿ ಕಪ್ಪು ಚೀಲ. ಮೈದಾನದ ಆ ತುದಿಯಲ್ಲಿ ಹಿರಿಯ ಕೆಡೆಟ್ ಕಂಡರೆ ಈ ತುದಿಯಿಂದಲೇ ನಿಂತು ಕಿರುಚಿ ಸೆಲ್ಯೂಟ್ ಹೊಡೆಯುತ್ತಾರೆ. ಹುಡುಗಿಯರು, "ಬಂದ ನೋಡ್ರೇ ಪೆದ್ದ ಕೆಡೆಟ್, ಮರಕ್ಕೂ ಸೆಲ್ಯೂಟ್ ಹೊಡೀತಾನೆ" ಎಂದು ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಈ ವಸಂತದಲ್ಲಿ ಒಂದು ಮಧ್ಯಾಹ್ನ ಅಲ್ಲಿ ಪ್ರತಿಭಟನೆಗಿಳಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಅಶ್ರುವಾಯು ಸಿಡಿಸಿದರು. ನಾನು ಕಣ್ಣು ಮುಚ್ಚಿಕೊಂಡು ಗ್ರಂಥಾಲಯದ ಹಿಂದಿನ ನಲ್ಲಿಗೆ ಓಡಿದೆ. ಅಲ್ಲಿ ಒಬ್ಬ ಕೆಡೆಟ್ ಸಮವಸ್ತ್ರದ ತೋಳು ಮಡಚಿ ಒಬ್ಬ ಹುಡುಗನ ಕಣ್ಣಿಗೆ ನೀರು ಹಾಕುತ್ತಿದ್ದ. ಹುಡುಗನ ಎರಡೂ ಅಂಗೈ ಕಲ್ಲು ಎಸೆದೆಸೆದು ತರಚಿತ್ತು.

"ನೀನು ಯಾರ ಕಡೆ?" ಎಂದು ಕೇಳಿದೆ.

"ಯಾರ ಕಡೇನೂ ಅಲ್ಲ ಅಕ್ಕ. ಇವನು ನಂಗೆ ಗಣಿತದ ನೋಟ್ಸ್ ಕೊಡೋನು. ಇವನ ಕಣ್ಣು ಹೋದ್ರೆ ನಾನು ಫೇಲು."

ಕಲ್ಲು ಎಸೆದವನು ಕಣ್ಣು ಬಿಡಲಾಗದೆಯೇ, "ಹೆಂಗೂ ಫೇಲ್ ಆಗ್ತೀಯ ಬಿಡೋ" ಎಂದ.

ಸೊಕ್‌ಜು, ಯಾವತ್ತೋ ಒಂದು ದಿನ ನಿನ್ನ ಮುಂದೆ ಸಿಪಾಯಿಗಳ ಸಾಲು ಇರುತ್ತದೆ, ಅವರ ಮುಂದೆ ಜನ ಇರುತ್ತಾರೆ. ಆಗ ನಿನಗೆ ಆ ಜನರಲ್ಲಿ ಒಬ್ಬನಾದರೂ ನೋಟ್ಸ್ ಕೊಟ್ಟವನು ಇರಬೇಕು. ನಾನು ಕೇಳುತ್ತಿರುವುದು ಅಷ್ಟೆ. ಐದು ವರ್ಷಗಳ ಹಿಂದೆ ಸಿಪಾಯಿಗಳು ಬಂದಿಳಿದ ದಕ್ಷಿಣದ ಆ ಊರಿನಲ್ಲಿ ಏನಾಯಿತು ಎಂದು ಪತ್ರದಲ್ಲಿ ಬರೆಯುವ ಹಾಗಿಲ್ಲ, ನಿನಗೆ ಗೊತ್ತಿದೆ.

ಇನ್ನು ನೀನು ಎರಡು ಪತ್ರಗಳಲ್ಲೂ ಕೇಳದೆ ಬಿಟ್ಟ ವಿಷಯ. ಬಿಟ್ಟದ್ದು ನನ್ನ ಮೇಲಿನ ದಯೆಯಿಂದ ಎಂದು ಗೊತ್ತು. ಅಕಾಡೆಮಿ ಸೇರುವವನ ಮನೆಯವರನ್ನು ವಿಚಾರಿಸುತ್ತಾರೆ. ಎರಡು ವರ್ಷದ ಹಿಂದೆ ನಾನು ಕರಪತ್ರ ಹಂಚಿ ಇಪ್ಪತ್ತೊಂಬತ್ತು ದಿನ ಠಾಣೆಯಲ್ಲಿದ್ದೆ. ಒಬ್ಬರ ತಪ್ಪಿಗೆ ಅವರ ಬಂಧುಗಳಿಗೆ ತೊಂದರೆ ಕೊಡಬಾರದು ಎಂದು ಈಗ ಸಂವಿಧಾನದಲ್ಲೇ ಬರೆದಿದ್ದಾರೆ. ಆ ಸಾಲನ್ನು ನಾನು ಕೈಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ. ಹೋದ ವಾರ, ತಿಂಗಳಿಗೊಮ್ಮೆ ನನ್ನನ್ನು ನೋಡಿಹೋಗಲು ಫ್ಯಾಕ್ಟರಿಗೆ ಬರುವ ಪೊಲೀಸ್ ಪತ್ತೇದಾರನನ್ನು ನಾನೇ ನಿಲ್ಲಿಸಿ ಆ ಸಾಲಿನ ಬಗ್ಗೆ ಕೇಳಿದೆ. ಅವನಿಗೆ ಆಶ್ಚರ್ಯವಾಗಿರಬೇಕು, ಗೇಟಿನ ಪಕ್ಕದಲ್ಲಿ ಕಾಫಿ ಕೊಡಿಸಿದ.

"ಬರಿಯೋರು ಬರೀತಾರೆ ತಂಗಿ, ನೋಡೋರು ನೋಡ್ತಾರೆ" ಎಂದ. "ಅಕಾಡೆಮಿಗೆ ಅಂದ್ರೆ ದೊಡ್ಡಪ್ಪ ಚಿಕ್ಕಪ್ಪನ ಮೊಮ್ಮಕ್ಕಳವರೆಗೂ ಜಾಲಾಡ್ತಾರೆ. ಊರಿಗೇ ಬಂದು ನಿಮ್ಮಪ್ಪನ ಕೆಲ್ಸದ ಜಾಗದಲ್ಲಿ ಕೇಳ್ತಾರೆ."

"ಕಾಲೇಜು ಕೆಡೆಟ್‌ಗೆ?"

"ಅಲ್ಲೂ ನೋಡ್ತಾರೆ. ಆದ್ರೆ ಅದು ಎರಡು ವರ್ಷ ಆದ್ಮೇಲೆ, ಇಷ್ಟು ಬಿಗಿ ಇಲ್ಲ. ಅಷ್ಟೊತ್ತಿಗೆ ಯಾರು ಇರ್ತಾರೋ ಯಾರು ಹೋಗ್ತಾರೋ, ನಾನೇ ಇರ್ತೀನೋ ಇಲ್ವೋ." ಆಮೇಲೆ ಲೋಟ ಕೆಳಗಿಟ್ಟು, "ಹುಡುಗ ಜಾಣನಾ?" ಎಂದು ಕೇಳಿದ. ಹೌದು ಎಂದೆ. "ಹಂಗಾದ್ರೆ ಪಾಪ" ಎಂದ.

ಹಾಗಾಗಿ ಅಕಾಡೆಮಿಯ ಅರ್ಜಿ ಹೋದರೆ ಇಬ್ಬರು ಗೂಡ್ಸ್ ಷೆಡ್ಡಿಗೆ ಬಂದು ಮೂಟೆ ಹೊರುವವರ ನಡುವೆ ನಿಂತು ಅಪ್ಪನ ಮಗಳ ಬಗ್ಗೆ ಕೇಳುತ್ತಾರೆ. ಕೊನೆಗೆ ಕಾರಣ ಹೇಳದ ಒಂದು ಕಾಗದ ಬರುತ್ತದೆ. ಅಪ್ಪನ ಹೆಸರು ಇನ್ನೊಂದು ಸಲ ಎಲ್ಲೂ ಇಲ್ಲದ ಹಾಗಾಗುತ್ತದೆ. ಚುಂಚೊನ್‌ನಲ್ಲಿ ನಿನಗೆ ಎರಡು ವರ್ಷ ಸಿಗುತ್ತದೆ. ಎರಡು ವರ್ಷದಲ್ಲಿ ಈ ದೇಶ ಬದಲಾಗುತ್ತದೆ ಎಂದು ನಾನು ಇನ್ನೂ ನಂಬುತ್ತೇನೆ. ಮೊದಲು ಅದನ್ನು ಜೋರಾಗಿ ಹೇಳುತ್ತಿದ್ದೆ, ಈಗ ಹೇಳುವಾಗ ಕೂರಬೇಕು ಅನ್ನಿಸುತ್ತದೆ. ಶುಲ್ಕದ ಚಿಂತೆ ನಿನಗೆ ಬೇಡ, ಅದು ನನ್ನದು. ಅಕ್ಕನ ದುಡ್ಡಿನಲ್ಲಿ ಓದಲಾರೆ ಎಂದು ವೀರನ ಹಾಗೆ ಬರೆಯಬೇಡ, ಅಂಥ ವಾಕ್ಯಗಳನ್ನು ನಾನೇ ಬೇಕಾದಷ್ಟು ಬರೆದಿದ್ದೇನೆ.

ಈ ಚುಸೊಕ್ ಹಬ್ಬಕ್ಕೆ ಬರಲಾಗುವುದಿಲ್ಲ. ಅಜ್ಜನ ಸಮಾಧಿಯ ಹುಲ್ಲು ಕೊಯ್ಯುವಾಗ ಅಪ್ಪನ ಕೈಗೆ ಕುಡುಗೋಲು ಕೊಡಬೇಡ, ಅವನ ಸೊಂಟ ನೆಟ್ಟಗಿಲ್ಲ. ಅಮ್ಮ ಹಬ್ಬದ ಕಡುಬಿಗೆ ಎಳ್ಳು ಹಾಕಿದರೆ ನನ್ನ ಪಾಲಿನದನ್ನೂ ನೀನೇ ತಿನ್ನು. ಚೆನ್ನಾಗಿ ಓದು, ಬೆನ್ನು ನೆಟ್ಟಗಿಟ್ಟುಕೊಂಡು ಕೂರು. ನಿನ್ನ ಬೆನ್ನ ಮೇಲೆ ಯಾರೂ ಮೂಟೆ ಇಡದಿರಲಿ, ನೀನೂ ಇನ್ನೊಬ್ಬರ ಬೆನ್ನ ಮೇಲೆ ಇಡದಿರು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಪಿಲ್‌ನಾಮ್

ಮತ್ತೆ: ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ, ತೆರೆದು ಬರೆಯುತ್ತಿದ್ದೇನೆ. ಯಾವ ಕಾಲೇಜಿಗೇ ಆಗಲಿ ನೀನು ನಗರ ಕಚೇರಿಯಿಂದ ನಮ್ಮ ಕುಟುಂಬದ ದಾಖಲೆಯ ನಕಲು ತೆಗೆಸಲೇಬೇಕು. ಅದರಲ್ಲಿ ನನ್ನ ಹೆಸರಿನ ಮೇಲೆ ದೊಡ್ಡ ಅಡ್ಡಗೀಟು ಇರುತ್ತದೆ. ನೋಡಿ ಹೆದರಬೇಡ. ಮೇ ತಿಂಗಳಲ್ಲಿ ನಾನು ಮದುವೆಯಾದೆ. ಅವನ ಹೆಸರು ಗೂ, ನಮ್ಮ ಫ್ಯಾಕ್ಟರಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ನಲವತ್ತೊಂದು ವರ್ಷ, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ. ಕ್ಯಾಂಟೀನಿನ ಹೆಂಗಸು, ಗೇಟಿನ ಕಾವಲುಗಾರ ಸಾಕ್ಷಿಗಳಾಗಿ ಮುದ್ರೆ ಒತ್ತಿದರು. ಆಮೇಲೆ ನಾಲ್ವರೂ ನೂಡಲ್ಸ್ ತಿಂದೆವು. "ನಿಮ್ಮಂಥ ಓದೋ ಹುಡುಗಿ ನನ್ನ ಯಾಕೆ ಒಪ್ಕೊಂಡ್ಳು ಅಂತ ಇನ್ನೂ ಅರ್ಥ ಆಗಿಲ್ಲ" ಎಂದ ಅವನು. ನಾನು ಬಾಯಿ ತುಂಬ ನೂಡಲ್ಸ್ ಇಟ್ಟುಕೊಂಡೆ.

ಹೊಸವರ್ಷದ ಜಗಳದ ನಂತರ ನಿನ್ನ ಆಸೆ ಎಷ್ಟು ಗಟ್ಟಿ ಎಂದು ತಿಳಿದಿತ್ತು. ಮದುವೆಯಾದ ಮಗಳು ಹೊರಗಿನವಳು ಎಂಬ ಗಾದೆಯ ವಿರುದ್ಧ ನಾನೇ ಕರಪತ್ರ ಬರೆದವಳು. ಕೊನೆಗೆ ಅದನ್ನೇ ನಂಬಿದೆ. ಮದುವೆಯಾದರೆ ಅಪ್ಪನ ದಾಖಲೆಯಿಂದ ನನ್ನ ಹೆಸರು ಹೋಗುತ್ತದೆ, ನಿನ್ನ ದಾರಿ ಚೊಕ್ಕಟವಾಗುತ್ತದೆ ಎಂದುಕೊಂಡೆ. ಜುಲೈನಲ್ಲೇ ನಿನಗೆ ಉತ್ತರ ಬರೆಯದಿದ್ದುದಕ್ಕೆ ಕೋಟುಗಳು ಕಾರಣವಲ್ಲ. ನಕಲು ಕೈಗೆ ಬಂದ ಮೇಲೆ "ಧೈರ್ಯವಾಗಿ ಅಕಾಡೆಮಿಗೆ ಹೋಗು" ಎಂದು ಬರೆಯಬೇಕೆಂದಿದ್ದೆ. ನೀನು ಅಲ್ಲಿಗೇ ಹೋಗಲಿ ಎಂದು ನನಗೂ ಆಸೆಯಿತ್ತು, ಸೊಕ್‌ಜು. ಮೇಲೆ ಬರೆದದ್ದೆಲ್ಲ ನಾನು ನಂಬುವುದೇ, ಆದರೂ ಆಸೆಯಿತ್ತು.

ಆಗಸ್ಟಿನಲ್ಲಿ ಒಂದು ದಿನ ರಜೆ ಹಾಕಿ ನಮ್ಮೂರಿಗೇ ಬಂದು ನಕಲು ತೆಗೆಸಿದೆ. ನಾನಿಲ್ಲದ ಪುಟ ಬರುತ್ತದೆ ಎಂದು ಕಾದೆ. ಗುಮಾಸ್ತ ಕನ್ನಡಕ ಏರಿಸಿ ಹೇಳಿದ: "ಅಡ್ಡಗೀಟು ಅಂದ್ರೆ ಅಳಿಸಿದ್ದು ಅಂತ ಅಲ್ಲಮ್ಮ. ಯಾರ ಮನೆಗೆ ಹೋದ್ಳು, ಯಾವತ್ತು ಹೋದ್ಳು, ಎಲ್ಲಾ ಪಕ್ಕದಲ್ಲೇ ಬರ್ದಿರತ್ತೆ. ನಿಜ ಹೇಳ್ಬೇಕಂದ್ರೆ ನೋಡೋರ ಕಣ್ಣಿಗೆ ಮೊದ್ಲು ಬೀಳೋದೇ ಅದು." ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಹಳಿಯ ಆಚೆ ಅಪ್ಪ ಕಂಡ. ಮೂಟೆ ಇಳಿಸಿ ಕತ್ತು ಒರೆಸಿಕೊಳ್ಳುತ್ತಿದ್ದ. ನಾನು ಕಂಬದ ಹಿಂದೆ ನಿಂತೆ. ಮನೆಗೆ ಬರಲಿಲ್ಲ.

ಗೂ ಒಳ್ಳೆಯ ಮನುಷ್ಯ. ಇದ್ಯಾವುದೂ ಅವನಿಗೆ ಗೊತ್ತಿಲ್ಲ. ಮಾವನಿಗೆ ಯಾವಾಗ ನಮಸ್ಕಾರ ಮಾಡಿಬರೋಣ ಎಂದು ವಾರಕ್ಕೊಮ್ಮೆ ಕೇಳುತ್ತಾನೆ.

ಇಪ್ಪತ್ತನೇ ತಾರೀಖಿನೊಳಗೆ ಆ ಅರ್ಜಿ ವಾಪಸ್ ತೆಗೆದುಕೋ. ಅವರು ನಿನ್ನನ್ನು ಬೇಡ ಅನ್ನುವುದಕ್ಕೆ ಮೊದಲು ನೀನು ಅವರನ್ನು ಬೇಡ ಅನ್ನು. ಅಪ್ಪನಿಗೆ ಇದು ನಿನ್ನದೇ ತೀರ್ಮಾನ ಎಂದು ಹೇಳು, ಬೈದರೆ ಬೈಸಿಕೋ. ನೀನು ಚುಂಚೊನ್ ಸೇರಿದ ಮೇಲೆ ನಾವಿಬ್ಬರೂ ಊರಿಗೆ ಬರುತ್ತೇವೆ. ಇವನನ್ನು ಯಾಕೆ ಮದುವೆಯಾದೆ ಎಂದು ಅಪ್ಪ ಕೇಳಿಯೇ ಕೇಳುತ್ತಾನೆ. ಇಷ್ಟಪಟ್ಟು ಆದೆ ಎಂದು ಹೇಳುತ್ತೇನೆ. ಗೂ ಪಕ್ಕದಲ್ಲೇ ಕೂತಿರುತ್ತಾನೆ, ಅವನೂ ಕೇಳಿಸಿಕೊಳ್ಳಲಿ.