ಈ ಸಲ ಊರನ್ನು ಕೇಳಿದರು

ಅಪ್ಪಾ,

ನಿನ್ನ ಪಂಚಾಯ್ತಿ ಸೀಟು ಹೋಯಿತು. ನಿನ್ನೆ ಕಂಪ್ಲಿಯಲ್ಲಿ ಎಣಿಕೆ ಮುಗಿದು, ಬಟ್ಟೆ ಹೊಲಿಯುವ ಗಂಗಾಂಬಿಕಾ ಗೆದ್ದಳು. ನಾನು ಸೋತೆ.

ನೀನಿದ್ದಾಗ ಹಿರಿಯರು ರೈಸ್ ಮಿಲ್ಲಿನ ಕಟ್ಟೆಯ ಮೇಲೆ ಕೂತು ನಿನ್ನ ಹೆಸರು ಹೇಳಿದರೆ ಮುಗಿಯಿತು, ಅವಿರೋಧ ಆಯ್ಕೆ. ಅದನ್ನು ಒಗ್ಗಟ್ಟು ಎನ್ನುತ್ತಿದ್ದೆವು. ಈ ಸಲ ನನ್ನ ಹೆಸರು ಹೇಳಿದರು. ಆದರೆ ಗಂಗಾಂಬಿಕಾ ನಾಮಪತ್ರ ಹಾಕಿಬಿಟ್ಟಳು. "ವಾಪಸ್ ತಗೋ ಅಂತ ಹೇಳಿ ಬಾರಪ್ಪ, ಊರು ಒಡೀತೈತಿ" ಎಂದು ಹಿರಿಯರು ನನ್ನನ್ನೇ ಅವಳ ಮನೆಗೆ ಅಟ್ಟಿದರು.

"ನೀವು ಬ್ಯಾಡ ಅಂತಿಲ್ಲಣ್ಣ," ಎಂದಳು ಮಷೀನು ನಿಲ್ಲಿಸದೆ. "ಊರೋರ್ನ ಒಮ್ಮೆ ಕೇಳಾಣ ಅಂತೀನಿ, ಅಷ್ಟ."

ನಾನು ಚಪ್ಪಲಿ ಮೆಟ್ಟಿ ವಾಪಸ್ ಬಂದೆ. ನಿನಗಾದರೆ ಏನಾದರೂ ಉತ್ತರ ಹೊಳೆಯುತ್ತಿತ್ತೇನೋ.

ಊರು ಒಡೆಯಲಿಲ್ಲ, ಅಪ್ಪಾ. ಶಾಲೆಯ ಮುಂದೆ ಸಾಲು ನಿಂತವರು ಬಾಳೆಕಾಯಿ ರೇಟು ಮಾತಾಡುತ್ತಲೇ ಹೋಗಿ ಮುದ್ರೆ ಒತ್ತಿ ಬಂದರು. ಇವತ್ತು ಬೆಳಿಗ್ಗೆ ನಳದಲ್ಲಿ ನೀರು ಬರಲಿಲ್ಲ. ಖಾಲಿ ಕೊಡ ಹಿಡಿದವರೆಲ್ಲ ನಮ್ಮ ಬಾಗಿಲು ದಾಟಿ ಅವಳ ಮನೆಗೆ ಹೋದರು. ನಾನು ಎಷ್ಟೋ ದಿನಗಳ ಮೇಲೆ ಕೂತು ಚಹಾ ಕುಡಿದೆ.

ನಿನ್ನೊಂದಿಗೆ ಬಾಳಿದ ಅಷ್ಟೂ ವರ್ಷಗಳಲ್ಲಿ ಅವ್ವ ಪಂಚಾಯ್ತಿಗೆ ಓಟು ಹಾಕಿರಲಿಲ್ಲ. ಈಗ ಬೆರಳಿನ ಶಾಯಿ ಅಳಿಸುತ್ತದೆಂದು ಮುಸುರೆ ಪಾತ್ರೆಗಳನ್ನು ನನ್ನಿಂದಲೇ ತೊಳೆಸುತ್ತಿದ್ದಾಳೆ. ಯಾರಿಗೆ ಹಾಕಿದೆ ಎಂದು ಕೇಳಿದೆ. ಹಾರ ಹಾಕಿದ ನಿನ್ನ ಫೋಟೋ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಗಂಗಾಗ. ನಿಮ್ಮಪ್ಪಗ ಹೇಳಬ್ಯಾಡ."

ಹಾಗಾಗಿ ಈ ಪತ್ರವನ್ನು ನಿನಗೆ ಕಳಿಸುವಂತಿಲ್ಲ.

ವೀರೇಶ್